ಪಿಡಿಒಗೆ ಕೊಡುವ ಅರ್ಜಿ: ಎಐ ಹತ್ತಿರ ಬರೆಸುವುದು ಹೇಗೆ?

ತಾಲ್ಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನೋಡಿದ್ದೀರಲ್ಲ? ಪೆನ್ನು ಎತ್ತಿಕೊಳ್ಳುವ ಮುಂಚೆ ಅವರು ನಾಲ್ಕು ಮಾತು ಕೇಳುತ್ತಾರೆ. ಯಾವ ಊರು, ಅರ್ಜಿ ಯಾರಿಗೆ, ಎಂದಿನಿಂದ ಹೀಗಾಗಿದೆ, ಈಗ ಏನಾಗಬೇಕು? ಚಾಟ್‌ಜಿಪಿಟಿ, ಜೆಮಿನೈ, ಕ್ಲಾಡ್‌ನಂಥ ಎಐಗಳು ಎಷ್ಟೋ ಸಲ ಏನೂ ಕೇಳದೆ ಬರೆಯಲು ಶುರುಮಾಡಿಬಿಡುತ್ತವೆ. ಹಾಗಾಗಿ ಈ ನಾಲ್ಕಕ್ಕೂ ಉತ್ತರವನ್ನು ನಾವೇ ಮೊದಲು ಕೊಡಬೇಕು. ಪ್ರಾಂಪ್ಟ್, ಅಂದರೆ ಎಐಗೆ ನಾವು ಕೊಡುವ ಸೂಚನೆ, ಬಹುಪಾಲು ಇಷ್ಟೇ.

ನಮ್ಮ ಬೀದಿಯ ಅಕ್ಕ ಒಬ್ಬರು ಬೇಸಿಗೆಯಲ್ಲಿ ಫೋನ್ ಹಿಡಿದು ಬಂದಿದ್ದರು. 'ನೀರಿನ ಸಮಸ್ಯೆ ಬಗ್ಗೆ ಪಿಡಿಒಗೆ ಅರ್ಜಿ ಬರೆದುಕೊಡು' ಎಂದು ಎಐಗೆ ಹೇಳಿದ್ದರು. ಬಂದದ್ದು ಒಂದೂವರೆ ಪುಟ. 'ನೀರು ಮಾನವ ಜೀವನದ ಅವಿಭಾಜ್ಯ ಅಂಗವಾಗಿದೆ' ಎಂದು ಆರಂಭ. ಯಾವ ಬೀದಿ, ಎಷ್ಟು ದಿನದಿಂದ ನೀರಿಲ್ಲ ಎನ್ನುವುದು ಎಲ್ಲೂ ಇಲ್ಲ. ಅದಕ್ಕಿಂತ ಗಂಭೀರವಾದದ್ದು, 'ಈ ಹಿಂದೆ ಹಲವು ಬಾರಿ ಲಿಖಿತ ಮನವಿ ಸಲ್ಲಿಸಿದ್ದರೂ' ಎಂಬ ಸಾಲು. ಅಕ್ಕ ಒಂದು ಸಲವೂ ಬರೆದುಕೊಟ್ಟಿರಲಿಲ್ಲ. ಹಾಗೇ ಸಹಿ ಹಾಕಿದ್ದರೆ, 'ಎಲ್ಲಿದೆ ಆ ಮನವಿ?' ಎಂದು ಕೇಳಿದ ದಿನ ಅವರ ನಿಜವಾದ ತೊಂದರೆಯನ್ನೂ ಯಾರೂ ನಂಬುತ್ತಿರಲಿಲ್ಲ.

ಮತ್ತೆ ಕೂತು ಹೀಗೆ ಬರೆದೆವು:

'ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಬೇಕು. ನಮ್ಮದು ಮಾರಮ್ಮನ ಗುಡಿ ಬೀದಿ. 12 ದಿನದಿಂದ ನಲ್ಲಿಯಲ್ಲಿ ನೀರಿಲ್ಲ. ಗುಡಿ ಮುಂದೆ ಪೈಪ್ ಒಡೆದು ನೀರೆಲ್ಲ ಚರಂಡಿಗೆ ಹೋಗ್ತಿದೆ. 20 ಮನೆಗೆ ತೊಂದರೆ. ನೀರುಗಂಟಿಗೆ ಎರಡು ಸಲ ಬಾಯಲ್ಲಿ ಹೇಳಿದ್ದೇವೆ, ಬರೆದುಕೊಟ್ಟಿಲ್ಲ. ಪೈಪ್ ರಿಪೇರಿ ಆಗಬೇಕು, ಅಲ್ಲೀವರೆಗೆ ಟ್ಯಾಂಕರ್ ಕಳಿಸಬೇಕು. ಇಂದ, ಇವರಿಗೆ, ವಿಷಯ, ಮಾನ್ಯರೇ ಎಂಬ ಕ್ರಮದಲ್ಲಿ ಬರೆ. 150 ಪದ ಮೀರಬೇಡ. ನಾನು ಹೇಳದೇ ಇರೋದನ್ನ ಸೇರಿಸಬೇಡ. ಗೊತ್ತಿಲ್ಲದ ಕಡೆ ಖಾಲಿ ಗೆರೆ ಬಿಡು.'

ಇದರಲ್ಲಿ ವ್ಯಾಕರಣ, ಶೈಲಿ ಯಾವುದನ್ನೂ ನೋಡಿಲ್ಲ. ಮಾತಾಡುವ ಹಾಗೇ ಇದೆ. ಟೈಪ್ ಮಾಡಲು ಕಷ್ಟವಾದವರು ಕೀಬೋರ್ಡಿನ ಮೈಕ್ ಒತ್ತಿ ಹೇಳಿದರೂ ಸಾಕು. ಕೊನೆಯ ಎರಡು ಸೂಚನೆಗಳನ್ನು ಮಾತ್ರ ಬಿಡಬೇಡಿ. ಅರ್ಜಿಯಲ್ಲಿ ಸುಳ್ಳು ನುಸುಳುವುದನ್ನು ಬಹುಮಟ್ಟಿಗೆ ತಡೆಯುವುದು ಅವೇ. ಎಐಯೇ ಪ್ರಶ್ನೆ ಕೇಳಲಿ ಎನಿಸಿದರೆ, 'ಬರೆಯುವ ಮೊದಲು ಬೇಕಾದ ವಿವರ ಒಂದೊಂದಾಗಿ ಕೇಳು' ಎಂದೂ ಹೇಳಬಹುದು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಹಾಕಲೇಬೇಡಿ. ಹೆಸರು, ಫೋನ್ ನಂಬರನ್ನು ಪ್ರಿಂಟ್ ತೆಗೆದ ಮೇಲೆ ಕೈಯಲ್ಲಿ ತುಂಬಿದರಾಯಿತು.

ಮೊದಲ ಸಲ ಬಂದದ್ದನ್ನೇ ಒಪ್ಪಿಕೊಳ್ಳಬೇಕಿಲ್ಲ. ಎಐ ಕನ್ನಡದಲ್ಲಿ 'ನಿವಾಸಿಗಳಿಂದ ಸಮಸ್ಯೆ ಎದುರಿಸಲ್ಪಡುತ್ತಿದೆ' ಎಂಬಂಥ, ಯಾರೂ ಆಡದ ವಾಕ್ಯಗಳು ಬರುತ್ತವೆ. 'ಇನ್ನೂ ಚೆನ್ನಾಗಿ ಬರೆ' ಎಂದರೆ ಮತ್ತಷ್ಟು ಅಲಂಕಾರ ಸೇರುತ್ತದೆಯೇ ಹೊರತು ಇದು ಹೋಗುವುದಿಲ್ಲ. ಆ ಸಾಲನ್ನೇ ತೋರಿಸಿ, 'ಇದನ್ನು ತೆಗೆ, ಬೀದಿಯವರು ತೊಂದರೆ ಪಡುತ್ತಿದ್ದಾರೆ ಎಂದು ಬರೆ' ಎನ್ನಿ. ನಿಮ್ಮದೇ ಹಳೆಯ ಪತ್ರವೊಂದನ್ನು ಮಾದರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಯುನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ವ್ಯವಸ್ಥೆ) ಅಲ್ಲದ, 'ನುಡಿ' ತಂತ್ರಾಂಶದ ಹಳೆಯ ಫೈಲಿನಿಂದ ಕಾಪಿ ಮಾಡಿದರೆ ಎಐಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ.

ಮಗುವಿನ ರಜೆ ಚೀಟಿ, ಗೃಹಪ್ರವೇಶದ ಆಹ್ವಾನಕ್ಕೂ ಇದೇ ದಾರಿ. ಓದುವವರು ನಿಮಗೆ ಏನಾಗಬೇಕು ಎಂಬುದನ್ನು ಹೇಳಿ. ಇಲ್ಲವಾದರೆ ಮೇಷ್ಟ್ರಿಗೆ ಬರೆದ ಪತ್ರ 'ತಾವು' ಎಂದು ಶುರುವಾಗಿ 'ನೀವು' ಎಂದು ಮುಗಿಯಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ಪೈಪಿಗೆ ಎಷ್ಟು ಖರ್ಚಾಗಿದೆ ಎಂದು ತಿಳಿಯಬೇಕು ಎಂದಿಟ್ಟುಕೊಳ್ಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ. 2005ರ ಕಾಯ್ದೆಯ 6(2)ನೇ ಕಲಮಿನಂತೆ ಮಾಹಿತಿ ಏಕೆ ಬೇಕೆಂದು ಹೇಳಬೇಕಿಲ್ಲ. ಎಐಗೆ ಬಿಟ್ಟರೆ ಕಾರಣ ಹೇಳುವುದಕ್ಕೇ ಎರಡು ಪ್ಯಾರಾ ಹೋಗುತ್ತದೆ. 'ಕಾರಣ ಬರೆಯಬೇಡ. ಕಾಮಗಾರಿ ಏಕೆ ಹಾಳಾಯಿತು ಎಂದು ಕೇಳಬೇಡ. ಅಂದಾಜು ಪಟ್ಟಿ, ಬಿಲ್, ಅಳತೆ ಪುಸ್ತಕದ ಪ್ರತಿ ಕೇಳು' ಎಂದು ಬಿಡಿಸಿ ಹೇಳಿ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ಅಧಿಕಾರಿಯ ಸಮಜಾಯಿಷಿಯನ್ನಲ್ಲ. ಉತ್ತರಕ್ಕೆ 30 ದಿನದ ಗಡುವಿದೆ. ಎಐ ತಾನಾಗಿ ಹಾಕಿದ ಕಲಮು, ಆದೇಶ ಸಂಖ್ಯೆ, ದಿನಾಂಕ ಯಾವುದೇ ಇರಲಿ, ಮೂಲ ಕಾಯ್ದೆ ತೆರೆದು ತಾಳೆ ನೋಡದೆ ಸಹಿ ಹಾಕಬೇಡಿ.

ಅಕ್ಕನ ಅರ್ಜಿ ಕೊನೆಗೆ 11 ಸಾಲಿಗೆ ಇಳಿಯಿತು. ಗಟ್ಟಿಯಾಗಿ ಓದಿಸಿದೆ. 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂಬಲ್ಲಿ ನಿಂತು, 'ಇದು ನನ್ನ ಮಾತಲ್ಲ, ಹೊಡೆದುಹಾಕು' ಎಂದರು. ಹೊಡೆದೆವು. ಎರಡು ಪ್ರತಿ ತೆಗೆದು, 20 ಮನೆಯವರ ಸಹಿ ಹಾಕಿಸಿ, ಒಂದನ್ನು ಪಂಚಾಯಿತಿಗೆ ಕೊಟ್ಟರು. ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಮನೆಗೆ ತಂದರು.