ಕೊಲೊನೊಸ್ಕೋಪಿಗೆ ನಾನು ರೆಡಿ ಆಗಿದ್ದು ಹೀಗೆ

ನಮ್ಮಣ್ಣಂಗೆ ಸಂಡಾಸಿಗೆ ಹೋದಾಗ ರಕ್ತ ಬರ್ತಿತ್ತು, ಪೈಲ್ಸ್ ಇರ್ಬೇಕು ಬಿಡು ಅಂತ ಒಂದೂವರೆ ವರ್ಷ ನಾಟಿ ಔಷಧಿ, ಮೂಲಂಗಿ ರಸ, ಮಜ್ಜಿಗೆ ಅಂತಾನೇ ಕಳೆದ್ವಿ, ಕೊನೆಗೆ ಮೆಟ್ಲು ಹತ್ತಕ್ಕೂ ಆಗ್ದಂಗೆ ಸುಸ್ತಾಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದಾಗ್ಲೇ ಟೆಸ್ಟ್ ಮಾಡ್ಸಿದ್ದು. ದೊಡ್ಡ ಕರುಳಿನ ಕ್ಯಾನ್ಸರ್. ಅವನಿಗಾಗ 50. ಆಪರೇಶನ್, ಕೀಮೋ ಎಲ್ಲ ಆಗಿ ಈಗ ಹುಷಾರಾಗಿದಾನೆ.

ಅವತ್ತೇ ಡಾಕ್ಟ್ರು ನನ್ ಕಡೆ ತಿರುಗಿ ನಿಮಗೆಷ್ಟು ವಯಸ್ಸು ಅಂದ್ರು, 44 ಅಂದೆ. ಒಡಹುಟ್ಟಿದವರಿಗೆ ಬಂದಿದ್ರೆ ನಮಗೇನೂ ತೊಂದ್ರೆ ಇಲ್ದಿದ್ರೂ 40ಕ್ಕೆ, ಇಲ್ಲಾ ಅವರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವ್ದು ಮೊದ್ಲು ಬರುತ್ತೋ ಆಗ ಕೊಲೊನೊಸ್ಕೋಪಿ ಮಾಡಿಸ್ಬೇಕಂತೆ, ಅಂದ್ರೆ ಹಿಂದಿನಿಂದ ಕ್ಯಾಮೆರಾ ಇರೋ ತೆಳು ಕೊಳವೆ ಬಿಟ್ಟು ದೊಡ್ಡ ಕರುಳಿನ ಒಳಗೆ ನೋಡೋ ಟೆಸ್ಟು.

ನಿಜ ಹೇಳ್ಬೇಕಂದ್ರೆ ಟೆಸ್ಟಿಗಿಂತ ಹೊಟ್ಟೆ ಖಾಲಿ ಮಾಡೋದೇ ದೊಡ್ಡ ಕೆಲ್ಸ. ಮೂರು ದಿನ ಮುಂಚಿಂದ ಮುದ್ದೆ, ಸೊಪ್ಪು, ಕಾಳು, ಬದನೆಕಾಯಿ, ಸೀಬೆಹಣ್ಣು ಎಲ್ಲ ಬಂದ್, ಬಿಳಿ ಅನ್ನ ಮೊಸ್ರು ಇಡ್ಲಿ ಅಷ್ಟೇ. ಹಿಂದಿನ ದಿನ ಬರೀ ಎಳನೀರು, ಸೋಸಿದ ಬೇಳೆಕಟ್ಟು, ಹಾಲಿಲ್ಲದ ಟೀ. ಕೆಂಪು ಬಣ್ಣದ ಜ್ಯೂಸ್ ಮಾತ್ರ ಬೇಡ, ಒಳಗೆ ರಕ್ತ ಇದ್ದಂಗೆ ಕಾಣುತ್ತೆ. ಭೇದಿ ಮಾಡ್ಸೋ ಪುಡಿ ಕಲಸಿದ 2 ಲೀಟರ್ ನೀರನ್ನ ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ಕುಡೀಬೇಕು, ಉಪ್ಪುಪ್ಪು ನಿಂಬೆ ರುಚಿ, ಮೂರನೇ ಲೋಟಕ್ಕೆ ವಾಕರಿಕೆ ಬಂತು. ನನ್ ಹೆಂಡ್ತಿ "ರೀ, ಫ್ರಿಜ್ಜಲ್ಲಿಟ್ಟು ಸ್ಟ್ರಾ ಹಾಕ್ಕೊಂಡು ನಿಧಾನಕ್ಕೆ ಕುಡೀರಿ" ಅಂದ್ಲು, ಆಮೇಲೆ ಇಳೀತು. ಇನ್ನೊಂದು, ಹತ್ತು ಹನ್ನೆರಡು ಸಲ ಹೋಗೋದ್ರಿಂದ ಉರಿ ಬರುತ್ತೆ, ಮೊದ್ಲೇ ಕೊಬ್ಬರಿ ಎಣ್ಣೆ ಸವರ್ಕೊಳ್ಳಿ. ಕೊನೆಗೆ ತಿಳಿ ಹಳದಿ ನೀರು ಮಾತ್ರ ಬರ್ಬೇಕು, ಮಡ್ಡಿ ಉಳಿದ್ರೆ ಸಣ್ಣ ಗಂಟುಗಳು ಅದ್ರಡಿ ಮುಚ್ಚಿಹೋಗುತ್ವೆ.

ಟೆಸ್ಟ್ ಟೈಮಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟಿದ್ರು, ನಂಗೇನೂ ಗೊತ್ತಾಗ್ಲಿಲ್ಲ. ಆಮೇಲೆ ಫೋಟೊ ತೋರ್ಸಿದ್ರು, ನಸುಗೆಂಪು ಗೋಡೆ ಮೇಲೆ ಕಾಂಡ ಇರೋ ಪುಟ್ಟ ಅಣಬೆ ತರ, 12 ಮಿಲಿಮೀಟರ್ ಪಾಲಿಪ್, ಅಂದ್ರೆ ನಾನು ಹೇಳಿದ ಆ ಗಂಟು. ತಂತಿ ಕುಣಿಕೆ ಹಾಕಿ ಬುಡಕ್ಕೇ ಕತ್ತರಿಸಿ ತೆಗೆದಿದ್ರು. ಬಯಾಪ್ಸೀಲಿ ಅಡಿನೋಮ ಅಂತ ಬಂತು, ಅಂದ್ರೆ ಕ್ಯಾನ್ಸರ್ ಅಲ್ಲ, ಆದ್ರೆ ಬಿಟ್ಟಿದ್ರೆ ಸುಮಾರು ಹತ್ತು ವರ್ಷದಲ್ಲಿ ಆಗ್ಬಹುದಾಗಿದ್ದ ಜಾತಿ. ಅಣ್ಣಂದೂ ಯಾವತ್ತೋ ಇಷ್ಟೇ ಇದ್ದಿರ್ಬೇಕು ಅಂತ ಆ ಫೋಟೊ ನೋಡ್ತಾ ತುಂಬ ಹೊತ್ತು ಕೂತಿದ್ದೆ.

3 ವರ್ಷಕ್ಕೆ ಮತ್ತೆ ಬನ್ನಿ ಅಂದಿದಾರೆ. ತಂಗಿಗೂ 41 ಆಯ್ತು, ಮುಂದಿನ ತಿಂಗ್ಳು ಅವಳ್ದು ಡೇಟ್ ಇದೆ, ಹೆದರ್ಕೊಂಡಿದಾಳೆ ಪಾಪ, ಪುಡಿ ನಾನೇ ಬಂದು ಕಲಸಿಕೊಡ್ತೀನಿ ಕಣೇ ಅಂದಿದೀನಿ.