ಆಟಿಸಂ ಇರುವ ಮಗುವಿಗೆ ವಿಟಮಿನ್ ಕೊಡುವ ಮುನ್ನ

ಆಟಿಸಂ ಇರುವ ಹಲವು ಮಕ್ಕಳು ಬಿಳಿ ಅನ್ನ, ಮೊಸರು, ಒಂದೇ ಬಗೆಯ ಬಿಸ್ಕತ್ತು ಇಷ್ಟರಲ್ಲೇ ವರ್ಷಗಳನ್ನು ಕಳೆಯುತ್ತಾರೆ. ಹಣ್ಣು, ತರಕಾರಿಗಳನ್ನು ಮುಟ್ಟದ ಇಂಥ ಮಕ್ಕಳಲ್ಲಿ ವಿಟಮಿನ್ ಸಿ ಕೊರತೆಯಿಂದ ಸ್ಕರ್ವಿ ತಲೆದೋರಿ, ಕಾಲುನೋವಿನಿಂದ ನಡೆಯುವುದನ್ನೇ ನಿಲ್ಲಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಾತು ಬಾರದ ಮಗು ನೋವಿಗೆ ಅತ್ತಾಗ ಅದನ್ನೂ ಆಟಿಸಂನ ಲೆಕ್ಕಕ್ಕೆ ಸೇರಿಸಿಬಿಡುವ ಅಪಾಯ ಇದೆ. ವಿಟಮಿನ್ ಪೂರಕಗಳು ನಿಜವಾಗಿ ನೆರವಾಗುವುದು ಇಂಥ ಕೊರತೆಯನ್ನು ತುಂಬುವುದರಲ್ಲಿ. ಆಟಿಸಂ ಅನ್ನೇ ವಾಸಿಮಾಡುವ ವಿಟಮಿನ್ ಯಾವುದೂ ಇಲ್ಲ.

ಮೊದಲು ಒಂದು ವಾರ ಮಗು ತಿಂದದ್ದನ್ನೆಲ್ಲ, ಹಾಲಿಗೆ ಬೆರೆಸುವ ಪುಡಿಯನ್ನೂ ಬಿಡದೆ, ಬರೆದಿಡಿ. ಆ ಪಟ್ಟಿಯೊಂದಿಗೆ ಮಕ್ಕಳ ತಜ್ಞರನ್ನು ಕಂಡರೆ ಯಾವ ರಕ್ತಪರೀಕ್ಷೆ ಬೇಕೆಂದು ಅವರು ನಿರ್ಧರಿಸಬಲ್ಲರು. ಬಿಸಿಲಿಗೆ ಹೋಗದ ಮಗುವಿಗೆ ವಿಟಮಿನ್ ಡಿ, ಸಸ್ಯಾಹಾರಿ ಮನೆಯ ಮಗುವಿಗೆ ಬಿ12, ನಿದ್ದೆಯಲ್ಲಿ ಹೊರಳಾಡುವ ಮಗುವಿಗೆ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯ ಬಗ್ಗೆ ನೀವಾಗಿಯೇ ಕೇಳಬಹುದು.

ವಿಟಮಿನ್ ಬಿ6 ಮತ್ತು ಮೆಗ್ನೀಸಿಯಂ ಜೋಡಿ ಆಟಿಸಂಗೆ ನೆರವಾಗುತ್ತದೆ ಎಂಬ ಮಾತು ಬಹಳ ಹಳೆಯದು. ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ ಇದನ್ನು ದಶಕಗಳ ಕಾಲ ಪ್ರತಿಪಾದಿಸಿದರು. ಆದರೆ ಲಭ್ಯ ಪ್ರಯೋಗಗಳನ್ನು ತೂಗಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ 2005ರ ವಿಮರ್ಶೆಗೆ, ಇದನ್ನು ಚಿಕಿತ್ಸೆಯೆಂದು ಸೂಚಿಸುವಷ್ಟು ಆಧಾರ ಸಿಗಲಿಲ್ಲ. ನೀರಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೂ ಮೂತ್ರದಲ್ಲಿ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯದು. ಹೆಚ್ಚಿನ ಪ್ರಮಾಣದ ಬಿ6 ದೀರ್ಘಕಾಲ ದೇಹ ಸೇರಿದರೆ ಕೈಕಾಲಿನ ನರಗಳು ಹಾನಿಗೊಳ್ಳುತ್ತವೆ, ಮತ್ತು ಜೋಮು ಹಿಡಿದಿದೆಯೆಂದು ಹೇಳಲು ನಮ್ಮ ಎಷ್ಟೋ ಮಕ್ಕಳಿಗೆ ಮಾತಿಲ್ಲ.

ವಿಟಮಿನ್ ಡಿ ವಿಷಯದಲ್ಲಿ ಚೀಟಿಯನ್ನು ಎರಡು ಸಲ ಓದಿ. 60,000 ಯೂನಿಟ್‌ನ ಪೊಟ್ಟಣವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೂ ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅದನ್ನೇ ದಿನವೂ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಹಾಗೆಯೇ ಆಟಿಸಂಗೆ ಸಂಬಂಧಿಸಿ ಈಚೆಗೆ ಬಹಳ ಚರ್ಚೆಯಲ್ಲಿರುವ ಫೋಲಿನಿಕ್ ಆಮ್ಲ (ಫೋಲೇಟ್ ವಿಟಮಿನ್‌ನ ಒಂದು ರೂಪ) ವೈದ್ಯರ ನಿಗಾದಲ್ಲೇ ಕೊಡಬೇಕಾದ ಔಷಧ. ಅಂಗಡಿಯ ಫೋಲಿಕ್ ಆಮ್ಲದ ಮಾತ್ರೆ ಅದಕ್ಕೆ ಬದಲಿಯಲ್ಲ.

ಕೊಡಲು ಶುರುಮಾಡುವಾಗ ಒಮ್ಮೆಗೆ ಒಂದೇ ಪೂರಕ ಇರಲಿ. ಅದೇ ವಾರ ಹೊಸ ಥೆರಪಿಯನ್ನೋ ಹೊಸ ಶಾಲೆಯನ್ನೋ ಆರಂಭಿಸಿದರೆ, ಕಂಡ ಬದಲಾವಣೆ ಯಾವುದರಿಂದ ಬಂತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ನಿದ್ದೆ, ಹಸಿವು, ಮಲವಿಸರ್ಜನೆ, ಸಿಡುಕು ಇವನ್ನು ದಿನಕ್ಕೊಂದು ಸಾಲಿನಂತೆ ಬರೆಯಿರಿ. ವೈದ್ಯರು ಹೇಳಿದ ಅವಧಿ ಮುಗಿದೊಡನೆ ಮರುಪರೀಕ್ಷೆ ಮಾಡಿಸಿ.

ಮಗು ನೆಚ್ಚಿಕೊಂಡ ಮೊಸರನ್ನದಲ್ಲಿ ಪುಡಿಯನ್ನು ಗುಟ್ಟಾಗಿ ಕಲಸಬೇಡಿ. ರುಚಿಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವ ಮಗು ಇದ್ದೊಂದು ಆಹಾರವನ್ನೂ ದೂರ ತಳ್ಳಿಬಿಡಬಹುದು. ಬೇರೆ ಚಮಚದಲ್ಲಿ, ದಿನವೂ ಒಂದೇ ಹೊತ್ತಿಗೆ, ಇದು ಔಷಧಿ ಎಂದು ಹೇಳಿಯೇ ಕೊಡಿ. ಮಿಠಾಯಿಯಂತೆ ಕಾಣುವ ವಿಟಮಿನ್ ಗಮ್ಮಿಗಳನ್ನೂ ಕಬ್ಬಿಣದ ಮಾತ್ರೆಗಳನ್ನೂ ಬೀಗ ಹಾಕಿದ ಕಪಾಟಿನಲ್ಲೇ ಇಡಿ; ಚಿಕ್ಕ ಮಗು ಒಂದಷ್ಟು ಕಬ್ಬಿಣದ ಮಾತ್ರೆಗಳನ್ನು ನುಂಗಿದರೆ ಪ್ರಾಣಕ್ಕೇ ಕುತ್ತು ಬರಬಹುದು, ಹಾಗಾದಲ್ಲಿ ಲಕ್ಷಣ ಕಾಣುವವರೆಗೆ ಕಾಯದೆ ಆ ಡಬ್ಬಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಹೋಗಿ.