ಸೆನ್ಸರ್ ಬದಲಿಸುವ ಮೊದಲು ಹತ್ತು ಸೆಕೆಂಡ್ ಎಣಿಸಿ

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ‘ಪಿ0133 ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ’ ಎನ್ನುತ್ತಾರೆ. ಕೋಡ್ ಹಾಗೆ ಹೇಳುವುದಿಲ್ಲ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಮುಂಚೆ ಕೂತು, ಹೊಗೆಯಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಅಳೆಯುವ ಸೆನ್ಸರಿನ ಸಂಕೇತ ನಿಧಾನವಾಗಿ ಬದಲಾಗುತ್ತಿದೆ ಎಂಬುದಷ್ಟೇ ಅದರ ದೂರು. ಸೆನ್ಸರಿಗೆ ವಯಸ್ಸಾಗಿರಬಹುದು, ಸೈಲೆನ್ಸರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇದೇ ಕೋಡ್ ಬರಬಹುದು. ಹೊಸದು ಹಾಕಿಸಿ, ಮೂರನೇ ದಿನ ಅದೇ ದೀಪ ಕಂಡು ಬೇಸ್ತು ಬಿದ್ದವರಲ್ಲಿ ನಾನೂ ಒಬ್ಬ.

ಆದ್ದರಿಂದ ಮೊದಲ ಕೆಲಸ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಆಗಬೇಕು. ಬಾನೆಟ್ ಎತ್ತಿ, ಕಾರು ಸ್ಟಾರ್ಟ್ ಮಾಡಿ ಕಿವಿಗೊಡಿ. ‘ಟಿಕ್ ಟಿಕ್’ ಸದ್ದು ಕೇಳಿ, ಲೋಹ ಬಿಸಿಯಾಗಿ ಹಿಗ್ಗಿದಂತೆ ಅಡಗಿದರೆ ಎಕ್ಸಾಸ್ಟ್ ಸೋರಿಕೆಯನ್ನು ಅನುಮಾನಿಸಿ. ಪೈಪಿನ ಸಂದು ಮುಚ್ಚುವ ಗ್ಯಾಸ್ಕೆಟ್ ಕೂಡುವಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅನುಮಾನ ಗಟ್ಟಿಯಾಯಿತು. ಹೊಗೆ ಹೊರಗೆ ಹೋಗುವುದು ಮಾತ್ರ ಇಲ್ಲಿನ ತೊಂದರೆಯಲ್ಲ. ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಪೈಪಿನ ಒತ್ತಡ ಕುಸಿದು ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಪಾಪ, ಸೆನ್ಸರ್ ಆ ಗಾಳಿಯಲ್ಲಿನ ಆಮ್ಲಜನಕವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸೋರಿಕೆ ಇದ್ದರೆ ಅದನ್ನು ಸರಿಪಡಿಸುವವರೆಗೆ ಮುಂದಿನ ಪರೀಕ್ಷೆಗಳಿಗೆ ಬೆಲೆಯಿಲ್ಲ.

ಸೋರಿಕೆ ಇಲ್ಲವೇ? ಕಾರನ್ನು ಕಾಲು ಗಂಟೆ ಓಡಿಸಿ ತನ್ನಿ. ಜಿರ್ಕೋನಿಯಾ ಎಂಬ ಸೆರಾಮಿಕ್‌ನಿಂದ ಮಾಡಿದ ಈ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯದೆ ಸರಿಯಾಗಿ ಬಾಯಿ ಬಿಡುವುದಿಲ್ಲ. ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಕಿಂಡಿ) ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಮೊಬೈಲಿನಲ್ಲಿ ಕನ್ವರ್ಟರಿಗೂ ಮುಂಚಿನ ಸೆನ್ಸರಿನ ವೋಲ್ಟೇಜ್ ಗ್ರಾಫ್ ಒಂದನ್ನೇ ತೆರೆಯಿರಿ. ಏಳೆಂಟು ಅಂಕಿಗಳನ್ನು ಒಟ್ಟಿಗೆ ಕೇಳಿದರೆ ಅಗ್ಗದ ಸ್ಕ್ಯಾನರ್ ತಾನೇ ತಡವರಿಸುತ್ತದೆ. ತಪ್ಪು ಸೆನ್ಸರಿನ ತಲೆಗೆ ಬರುತ್ತದೆ.

ಈಗ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನನ್ನು 2,500 ಆರ್‌ಪಿಎಂನಲ್ಲಿ ಹಿಡಿದುಕೊಳ್ಳಿ. ಗೆರೆ 0.1ರಿಂದ 0.9 ವೋಲ್ಟಿನ ನಡುವೆ ಕುಣಿಯಬೇಕು. ನಡುವಿನ 0.45 ವೋಲ್ಟನ್ನು ಅದು ಎಷ್ಟು ಸಲ ದಾಟುತ್ತದೆ ಎಂದು ಹತ್ತು ಸೆಕೆಂಡ್ ಎಣಿಸಿ. ಎಂಟು ಸಲವಾದರೂ ದಾಟಬೇಕು ಎಂಬುದು ರೂಢಿಯ ಲೆಕ್ಕ. ಎರಡೋ ಮೂರೋ ಆದರೆ ಜಡ.

ಇಷ್ಟಕ್ಕೇ ತೀರ್ಪು ಕೊಡಬೇಡಿ. ಎಕ್ಸಲರೇಟರನ್ನು ಒಮ್ಮೆ ಫಕ್ಕನೆ ಒತ್ತಿ ಬಿಡಿ. ಒತ್ತಿದಾಗ ಪೆಟ್ರೋಲ್ ಹೆಚ್ಚಾಗಿ ಗೆರೆ 0.8ರ ಮೇಲಕ್ಕೆ ಜಿಗಿಯಬೇಕು, ಬಿಟ್ಟಾಗ 0.2ರ ಕೆಳಕ್ಕೆ ಧೊಪ್ಪನೆ ಬೀಳಬೇಕು. ಹೀಗಾದರೆ ಸೆನ್ಸರ್ ಬಹುಶಃ ನಿರಪರಾಧಿ. ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಕಡೆಯ ಗಾಳಿ ಸೋರಿಕೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಡೆ ಗಮನ ಕೊಡಿ. ಗೆರೆ ಏರು ಹತ್ತುವ ಎತ್ತಿನಗಾಡಿಯಂತೆ ತೆವಳಿದರೆ ಸೆನ್ಸರೇ ದಣಿದಿದೆ.

ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಕನ್ವರ್ಟರಿಗೂ ಮುಂಚಿನ ಜಾಗದಲ್ಲಿ ವೈಡ್‌ಬ್ಯಾಂಡ್ ಎಂಬ ಬೇರೆ ಬಗೆಯ ಸೆನ್ಸರ್ ಇರುತ್ತದೆ. ಅದಕ್ಕೆ ಮೇಲಿನ ವೋಲ್ಟೇಜ್ ಲೆಕ್ಕ ಅನ್ವಯಿಸುವುದಿಲ್ಲ.

ಬಿಚ್ಚಿದ ಸೆನ್ಸರನ್ನು ಎಸೆಯುವ ಮುನ್ನ ಅದರ ತುದಿ ನೋಡಿ. ಕಪ್ಪು ಮಸಿಯಿದ್ದರೆ ಎಂಜಿನ್ ಪೆಟ್ರೋಲನ್ನು ಹೆಚ್ಚು ಕುಡಿಯುತ್ತಿದೆ. ಸುಣ್ಣ ಬಳಿದಂಥ ಬಿಳಿ ಪುಡಿ ಇದ್ದರೆ, ಯಾರೋ ಬಳಿದ ಸಿಲಿಕೋನ್ ಸೀಲಂಟಿನ ಆವಿ ಒಳಗೆ ಹೋಗಿರಬಹುದು. ಕಾರಣ ಉಳಿದರೆ ಹೊಸದಕ್ಕೂ ಅದೇ ಗತಿ.

ಹೊಸದನ್ನು ಕೂರಿಸುವಾಗ ತುದಿಗೆ ಗ್ರೀಸು ತಾಗಿಸಬೇಡಿ, ಕನೆಕ್ಟರ್ ಹಾಕುವ ಮೊದಲೇ ತಿರುಗಿಸಿ ಬಿಗಿ ಮಾಡಿ. ಇಲ್ಲವಾದರೆ ವೈರು ಹುರಿಗೊಳ್ಳುತ್ತದೆ. ಕೋಡ್ ಅಳಿಸಿ, ಕಾರನ್ನು ಮತ್ತೆ ಕಾಲು ಗಂಟೆ ಓಡಿಸಿ ತಂದು, ಅದೇ 2,500ರಲ್ಲಿ ಹತ್ತು ಸೆಕೆಂಡ್ ಎಣಿಸಿ.